ಎಣ್ಣೆಯ ಧಾರಣೆಯೂ ಮನೆಯ ಖರ್ಚೂ

ಕೆಲವು ಪದಾರ್ಥಗಳ ಹೆಸರಿನಲ್ಲಿಯೇ ಅವುಗಳ ಚರಿತ್ರೆ ಅಡಗಿರುವುದುಂಟು. ಸೀಮೆಸುಣ್ಣ, ಸೀಮೆಬದನೆ, ಸೀಮೆಯೆಣ್ಣೆ ಇವು ನಮ್ಮ ನೆಲದಲ್ಲಿ ಹುಟ್ಟಿದವಲ್ಲ, ಬೇರೊಂದು ಸೀಮೆಯಿಂದ ಬಂದವು ಎಂಬುದನ್ನು ನಮ್ಮ ಹಿರಿಯರು ಹೆಸರಿಡುವಾಗಲೇ ಗುರುತಿಸಿಟ್ಟರು. ಹೊಂಗೆಯೆಣ್ಣೆ, ಹರಳೆಣ್ಣೆಗಳ ಹಣತೆಯ ಬದಲಿಗೆ ಸೀಮೆಯೆಣ್ಣೆಯ ಬುಡ್ಡಿ ಮನೆಗಳಿಗೆ ಬಂದಾಗ ಬೆಳಕು ಹೆಚ್ಚಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಬೆಳಕಿನ ಸಂಗಡ ಮತ್ತೊಂದು ಸಂಗತಿಯೂ ಮನೆಯನ್ನು ಹೊಕ್ಕಿತು. ಹೊಂಗೆಯ ಬೀಜಕ್ಕೆ ಧಾರಣೆ ಕಟ್ಟುತ್ತಿದ್ದವನು ಊರಿನ ಗಾಣಿಗ. ಅವನೊಡನೆ ಚೌಕಾಶಿ ಮಾಡಬಹುದಾಗಿತ್ತು. ಸೀಮೆಯೆಣ್ಣೆಗೆ ಧಾರಣೆ ಕಟ್ಟುವವನಾದರೋ ಏಳು ಸಮುದ್ರಗಳ ಆಚೆಯ ವರ್ತಕ. ಅಂದಿನಿಂದ ನಮ್ಮ ಒಲೆಯ ಮತ್ತು ದೀಪದ ಖರ್ಚು ನಮ್ಮ ಕೈಯಲ್ಲಿ ಪೂರ್ತಿಯಾಗಿ ಉಳಿಯಲಿಲ್ಲ.

ಈಗ ಬುಡ್ಡಿಯ ದೀಪ ಮೂಲೆಗೆ ಸೇರಿದೆ. ಆದರೆ ಅದರ ಒಡಹುಟ್ಟಿದವುಗಳಾದ ಪೆಟ್ರೋಲು, ಡೀಸೆಲು, ಅಡುಗೆಯ ಅನಿಲ ಇವು ನಮ್ಮ ಆಯವ್ಯಯವನ್ನು ಹಿಂದಿಗಿಂತಲೂ ಬಿಗಿಯಾಗಿ ಹಿಡಿದಿವೆ. ನಮ್ಮ ನೆರೆಮನೆಯಲ್ಲಿ ಒಬ್ಬ ಅಜ್ಜಿಯವರಿದ್ದಾರೆ. ಪ್ರತಿದಿನವೂ ಮಗನು ವೃತ್ತಪತ್ರಿಕೆಯನ್ನು ಓದಿಹೇಳುವುದು, ಅವರು ಕೇಳುವುದು ವಾಡಿಕೆ. ಒಂದು ದಿನ ಮಗನು, “ಅಮ್ಮಾ, ಹೊರದೇಶದಲ್ಲಿ ಎಣ್ಣೆಯ ಬೆಲೆ ಬಹಳ ಇಳಿದಿದೆಯಂತೆ” ಎಂದು ಓದಿದರು. ಅಜ್ಜಿಯವರು ಬತ್ತಿ ಹೊಸೆಯುವುದನ್ನು ನಿಲ್ಲಿಸಿ, “ಹಾಗಾದರೆ ನಮ್ಮಲ್ಲಿಯೂ ಇಳಿಯಿತೇನಪ್ಪ?” ಎಂದು ಕೇಳಿದರು. ಇಲ್ಲವೆಂದು ತಿಳಿದಮೇಲೆ, “ಈ ಎಣ್ಣೆಗೆ ಹತ್ತುವುದಕ್ಕೆ ಕಾಲಿದೆ, ಇಳಿಯುವುದಕ್ಕೆ ಕಾಲಿಲ್ಲವೇ?” ಎಂದರು. ಮಗನಲ್ಲಿ ಉತ್ತರವಿರಲಿಲ್ಲ. ನಿಜ ಹೇಳುವುದಾದರೆ, ಆ ಕ್ಷಣಕ್ಕೆ ನಮ್ಮಲ್ಲಿಯೂ ಇರಲಿಲ್ಲ. ಆ ಪ್ರಶ್ನೆಯ ಹಿಂದೆ ಹೋಗಿ ನಾವು ತಿಳಿದುಕೊಂಡುದನ್ನು ಗೃಹಸ್ಥರಾದ ನಮ್ಮ ವಾಚಕರ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಮೊದಲು ವಸ್ತುವಿನ ಪರಿಚಯವಾಗಲಿ. ಭೂಮಿಯ ಒಳಗಿನ ಕಲ್ಲಿನ ಪದರಗಳಿಂದ ಹೊರಡುವ ಕಪ್ಪಾದ ಎಣ್ಣೆಗೆ ಕಲ್ಲೆಣ್ಣೆಯೆಂದು ಹೆಸರು. ಪೆಟ್ರೋಲಿಯಂ ಎಂಬ ಲ್ಯಾಟಿನ್ ಮೂಲದ ಮಾತಿಗೂ ಇದೇ ಅರ್ಥ. 1859ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ಸಂಸ್ಥಾನದ ಟೈಟಸ್‌ವಿಲ್ ಎಂಬಲ್ಲಿ ಡ್ರೇಕ್ ಎಂಬಾತನು ಬಾವಿ ಕೊರೆದು ಎಣ್ಣೆಯನ್ನು ತೆಗೆದಮೇಲೆ ಇದರ ವ್ಯಾಪಾರವು ದೊಡ್ಡದಾಗಿ ಬೆಳೆಯಿತು. ಆ ಕಾಲದ ಮರದ ಪೀಪಾಯಿಯ ಅಳತೆಯೇ ಇಂದಿಗೂ ಉಳಿದುಕೊಂಡಿದೆ. ಒಂದು ಬ್ಯಾರೆಲ್ ಎಂದರೆ ಅಮೆರಿಕದ 42 ಗ್ಯಾಲನ್, ಅಂದರೆ ಸುಮಾರು 159 ಲೀಟರು. ನಮ್ಮ ದೇಶದಲ್ಲಿಯೂ ಅಸ್ಸಾಮಿನ ದಿಗ್ಬೋಯಿಯಲ್ಲಿ 1889ರಲ್ಲಿ ಎಣ್ಣೆ ದೊರೆತು, 1901ರಲ್ಲಿ ಅಲ್ಲಿ ಶುದ್ಧೀಕರಣದ ಕಾರ್ಖಾನೆ ಏರ್ಪಟ್ಟಿತು. ಆದರೆ ನಮ್ಮ ಬಾವಿಗಳ ಎಣ್ಣೆ ನಮ್ಮ ಹಸಿವಿಗೆ ಸಾಲದು. 2023-24ರಲ್ಲಿ ದೇಶಕ್ಕೆ ಬೇಕಾದ ಕಚ್ಚಾ ಎಣ್ಣೆಯಲ್ಲಿ ನೂರಕ್ಕೆ 85 ಪಾಲಿಗಿಂತಲೂ ಹೆಚ್ಚು ಹೊರಗಿನಿಂದಲೇ ಬಂದಿತು. ಹೀಗಾಗಿ ಹೊರಗಿನ ಪೇಟೆಯ ಧಾರಣೆ ನಮಗೆ ಪರರ ಮನೆಯ ಸುದ್ದಿಯಾಗಿರಲು ಸಾಧ್ಯವಿಲ್ಲ.

ಕಚ್ಚಾ ಎಣ್ಣೆಯನ್ನು ಹಾಗೆಯೇ ಉರಿಸುವುದಕ್ಕಾಗುವುದಿಲ್ಲ. ಮಂಗಳೂರಿನಲ್ಲಿ 1996ರಲ್ಲಿ ಕೆಲಸಕ್ಕೆ ತೊಡಗಿದ ಶುದ್ಧೀಕರಣ ಕಾರ್ಖಾನೆಯಂಥ ಸ್ಥಳಗಳಲ್ಲಿ ಅದನ್ನು ಕಾಯಿಸಿ, ಬೇರೆ ಬೇರೆ ಶಾಖದಲ್ಲಿ ಆವಿಯಾಗುವ ಭಾಗಗಳನ್ನು ಬೇರೆ ಬೇರೆಯಾಗಿ ಹಿಡಿಯುತ್ತಾರೆ. ಹಗುರವಾದ ಅನಿಲ ಮೇಲೆ, ಆಮೇಲೆ ಪೆಟ್ರೋಲು, ಸೀಮೆಯೆಣ್ಣೆ, ಡೀಸೆಲು, ಕಟ್ಟಕಡೆಗೆ ರಸ್ತೆಗೆ ಹಾಕುವ ಡಾಂಬರು. ಗೃಹಿಣಿಯರಿಗೆ ಇದು ಹೊಸತಲ್ಲ. ಒಂದೇ ಹಾಲಿನಿಂದ ಕೆನೆ, ಬೆಣ್ಣೆ, ತುಪ್ಪ, ಮಜ್ಜಿಗೆಗಳನ್ನು ತೆಗೆಯುವ ಕ್ರಮದಂತೆಯೇ ಇದೂ. ಹಾಲಿನ ಬೆಲೆ ಏರಿದರೆ ತುಪ್ಪದ ಬೆಲೆ ಏರುವುದು ಸಹಜ. ಆದರೆ ಹಾಲಿನ ಬೆಲೆ ನಿಂತಲ್ಲಿಯೇ ಇದ್ದು, ಮದುವೆಯ ತಿಂಗಳಿನಲ್ಲಿ ತುಪ್ಪಕ್ಕೆ ಮಾತ್ರ ಗಿರಾಕಿ ಹೆಚ್ಚಿದರೂ ತುಪ್ಪದ ಬೆಲೆ ಏರುತ್ತದೆ. ಹಾಗೆಯೇ 2022ರಲ್ಲಿ ರಷ್ಯಾ ಮತ್ತು ಯುಕ್ರೇನುಗಳ ಯುದ್ಧದ ದೆಸೆಯಿಂದ ಡೀಸೆಲು ಎಷ್ಟು ಬಿಗಿಯಾಯಿತೆಂದರೆ, ಅದರ ಬೆಲೆ ಕಚ್ಚಾ ಎಣ್ಣೆಯನ್ನು ಹಿಂದಿಕ್ಕಿ ಮೇಲೆ ಓಡಿತು. ನಮ್ಮ ಬಂಕಿನ ಬೆಲೆ ನೇರವಾಗಿ ಅನುಸರಿಸತಕ್ಕದ್ದು ಸಿದ್ಧವಾದ ಪೆಟ್ರೋಲು ಡೀಸೆಲುಗಳ ಜಾಗತಿಕ ಧಾರಣೆಯನ್ನು. ಕಚ್ಚಾ ಎಣ್ಣೆಯು ಅವೆರಡರ ತಾಯಿಯಷ್ಟೆ.

ಇನ್ನು ಲೆಕ್ಕಕ್ಕೆ ಬರೋಣ. ವಾಚಕರು ಬಳಪ ಹಿಡಿದು ಕುಳಿತರೆ ಇದು ಕಷ್ಟವಲ್ಲ. ಒಂದು ಡಾಲರಿಗೆ 80 ರೂಪಾಯಿ ಎಂದು ಇಟ್ಟುಕೊಳ್ಳೋಣ. 80 ರೂಪಾಯಿಗಳನ್ನು 159 ಲೀಟರುಗಳಿಗೆ ಹಂಚಿದರೆ ಲೀಟರಿಗೆ ಸುಮಾರು 50 ಪೈಸೆ. ಅಂದರೆ, ಬ್ಯಾರೆಲ್ಲಿಗೆ ಒಂದು ಡಾಲರು ಏರಿದರೆ ಲೀಟರಿಗೆ ಅರ್ಧ ರೂಪಾಯಿ, ಹತ್ತು ಡಾಲರು ಏರಿದರೆ ಐದು ರೂಪಾಯಿ. ಡಾಲರಿಗೆ 60 ರೂಪಾಯಿ ಇದ್ದ ಕಾಲದಲ್ಲಿ ಇದೇ ಒಂದು ಡಾಲರಿನ ಏರಿಕೆಗೆ 38 ಪೈಸೆ ಸಾಕಾಗಿತ್ತು. ಈ ಚಿಕ್ಕ ಸೂತ್ರವನ್ನು ನೆನಪಿನಲ್ಲಿಟ್ಟರೆ ಪತ್ರಿಕೆಯ ಅರ್ಧ ಸುದ್ದಿ ತಾನಾಗಿಯೇ ಅರ್ಥವಾಗುತ್ತದೆ.

ಇದರಿಂದ ಒಂದು ವಿಚಿತ್ರವು ಹೊರಬೀಳುತ್ತದೆ. 2014ರ ಜೂನ್ ತಿಂಗಳಲ್ಲಿ ಕಚ್ಚಾ ಎಣ್ಣೆ ಬ್ಯಾರೆಲ್ಲಿಗೆ 110 ಡಾಲರಿನ ಆಸುಪಾಸಿನಲ್ಲಿತ್ತು. ಡಾಲರಿಗೆ ಸುಮಾರು 60 ರೂಪಾಯಿ. ಲೆಕ್ಕ ಮಾಡಿದರೆ ಒಂದು ಲೀಟರು ಕಚ್ಚಾ ಎಣ್ಣೆಗೆ 41 ರೂಪಾಯಿಯ ಮೇಲೆ ಚಿಲ್ಲರೆ ಬೀಳುತ್ತದೆ. ಹತ್ತು ವರ್ಷಗಳ ತರುವಾಯ, 2024ರ ಜೂನ್ ತಿಂಗಳಲ್ಲಿ, ಕಚ್ಚಾ ಎಣ್ಣೆ 82 ಡಾಲರಿನ ಸಮೀಪಕ್ಕೆ ಇಳಿದಿತ್ತು. ಡಾಲರಾದರೋ ಎಂಬತ್ತಮೂರೂವರೆ ರೂಪಾಯಿಗೆ ಏರಿತ್ತು. ಈಗ ಲೀಟರಿಗೆ 43 ರೂಪಾಯಿ! ಮಾರುವವನ ಕಣ್ಣಿಗೆ ಬೆಲೆ ಕಾಲುಪಾಲು ಇಳಿದಿದೆ. ಕೊಳ್ಳುವ ನಮಗೆ ಒಂದೆರಡು ರೂಪಾಯಿ ಹೆಚ್ಚೇ ಆಗಿದೆ. ಎಣ್ಣೆಯ ಧಾರಣೆಯನ್ನು ಮಾತ್ರ ನೋಡಿ ರೂಪಾಯಿಯ ಧಾರಣೆಯನ್ನು ನೋಡದವನು ತಕ್ಕಡಿಯ ಒಂದೇ ತಟ್ಟೆಯನ್ನು ನೋಡಿದಂತೆ.

ಆದರೂ ಇದು ಪೂರ್ತಿ ಉತ್ತರವಲ್ಲ. ಆ ಹತ್ತು ವರ್ಷಗಳಲ್ಲಿ ದೆಹಲಿಯ ಪೆಟ್ರೋಲು ಸುಮಾರು 72 ರೂಪಾಯಿಯಿಂದ ಸುಮಾರು 95 ರೂಪಾಯಿಗೆ ಏರಿತು. ಕಚ್ಚಾ ಎಣ್ಣೆಯ ಪಾಲು ಒಂದೆರಡು ರೂಪಾಯಿ ಮಾತ್ರ ಏರಿದ್ದರೆ ಉಳಿದ ಇಪ್ಪತ್ತು ರೂಪಾಯಿ ಎಲ್ಲಿಂದ ಬಂತು? ಇಲ್ಲಿ ಸುಂಕದ ಕಟ್ಟೆಯನ್ನು ನೋಡಬೇಕಾಗುತ್ತದೆ. ಕೇಂದ್ರ ಸರ್ಕಾರದ ಅಬಕಾರಿ ಸುಂಕವು 2014ರಲ್ಲಿ ಪೆಟ್ರೋಲಿನ ಲೀಟರಿಗೆ 9 ರೂಪಾಯಿ 48 ಪೈಸೆಯಾಗಿದ್ದುದು 2024ರಲ್ಲಿ 19 ರೂಪಾಯಿ 90 ಪೈಸೆಯಾಗಿತ್ತು. ಇದರ ಮೇಲೆ ರಾಜ್ಯದ ತೆರಿಗೆ, ಮಾರಾಟಗಾರನ ದಸ್ತೂರಿ, ಕಂಪೆನಿಗಳ ಲಾಭ ಇವೂ ಬೆಳೆದುವು.

ನಮ್ಮ ಬೆಂಗಳೂರಿನ ಲೆಕ್ಕವನ್ನೇ ಬಿಡಿಸಿ ನೋಡೋಣ. 2024ರ ಜೂನ್ 15ರಂದು ಕರ್ನಾಟಕ ಸರ್ಕಾರವು ಪೆಟ್ರೋಲಿನ ಮಾರಾಟ ತೆರಿಗೆಯನ್ನು ನೂರಕ್ಕೆ 25.92ರಿಂದ 29.84ಕ್ಕೆ ಏರಿಸಿದಾಗ ಲೀಟರಿನ ಬೆಲೆ 103 ರೂಪಾಯಿಯನ್ನು ಮುಟ್ಟಿತು. ಆ 103ರಲ್ಲಿ ಕಚ್ಚಾ ಎಣ್ಣೆಯ ಪಾಲು 42, 43 ರೂಪಾಯಿ. ಕೇಂದ್ರದ ಸುಂಕ 20 ರೂಪಾಯಿಗೆ ಹತ್ತು ಪೈಸೆ ಕಡಮೆ. ರಾಜ್ಯದ ತೆರಿಗೆ 22, 23 ರೂಪಾಯಿ. ಬಂಕಿನವನ ದಸ್ತೂರಿ ನಾಲ್ಕು ರೂಪಾಯಿಯ ಆಸುಪಾಸು. ಉಳಿದ ಹದಿಮೂರು ಹದಿನಾಲ್ಕು ರೂಪಾಯಿಯಲ್ಲಿ ಶುದ್ಧೀಕರಣ, ಸಾಗಾಣಿಕೆ, ಕಂಪೆನಿಯ ಲಾಭ ಎಲ್ಲವೂ ಸೇರಬೇಕು. ಎಂದರೆ ಭೂಗರ್ಭದಿಂದ ಬಂದ ವಸ್ತುವಿಗೆ ನಾವು ತೆತ್ತಷ್ಟನ್ನೇ ಎರಡು ಸರ್ಕಾರಗಳಿಗೂ ತೆತ್ತಂತಾಯಿತು. ವಾಚಕರು ಮತ್ತೊಂದು ಸೂಕ್ಷ್ಮವನ್ನೂ ಗಮನಿಸಬೇಕು. ಕೇಂದ್ರದ ಸುಂಕವು ಲೀಟರಿಗೆ ಇಷ್ಟೆಂದು ಗೊತ್ತಾದದ್ದು. ಎಣ್ಣೆ ಏರಿದರೂ ಇಳಿದರೂ ಅದು ಅಲುಗುವುದಿಲ್ಲ. ರಾಜ್ಯದ ತೆರಿಗೆಯಾದರೋ ನೂರಕ್ಕೆ ಇಷ್ಟೆಂದು ಇರುವುದರಿಂದ ಬೆಲೆಯ ಜೊತೆಯಲ್ಲಿ ತಾನೂ ಏರುತ್ತದೆ, ಇಳಿಯುತ್ತದೆ. ಅದೂ ಕೇಂದ್ರದ ಸುಂಕವನ್ನು ಕೂಡಿಸಿದ ಮೊತ್ತದ ಮೇಲೆ. ಸುಂಕದ ಮೇಲೆ ತೆರಿಗೆ ಎಂಬುದು ಇದೇ. 2017ರ ಜುಲೈ 1ರಂದು ದೇಶಕ್ಕೆಲ್ಲ ಏಕರೂಪದ ಸರಕು ಸೇವಾ ತೆರಿಗೆ ಬಂದಾಗ ಪೆಟ್ರೋಲನ್ನೂ ಡೀಸೆಲನ್ನೂ ಅದರ ಹೊರಗೆ ಇರಿಸಿದುದರಿಂದಲೇ ಒಂದೊಂದು ರಾಜ್ಯದಲ್ಲಿ ಒಂದೊಂದು ಬೆಲೆ.

ಈಗ ಅಜ್ಜಿಯವರ ಪ್ರಶ್ನೆಗೆ ಮೊದಲನೆಯ ಉತ್ತರ ದೊರೆಯುತ್ತದೆ. ಮೇಲಿನ ಲೆಕ್ಕದಲ್ಲಿ ಕಚ್ಚಾ ಎಣ್ಣೆಯ ಧಾರಣೆ ಅರ್ಧಕ್ಕೆ ಅರ್ಧ ಕುಸಿಯಿತೆಂದು ಭಾವಿಸೋಣ. 42 ರೂಪಾಯಿಯಲ್ಲಿ 21 ಉಳಿಯಿತು. ಅದರ ಮೇಲಿನ ರಾಜ್ಯದ ತೆರಿಗೆಯಲ್ಲಿ ಇನ್ನೊಂದು ಆರು ರೂಪಾಯಿ ಕಳೆಯಿತು. ಒಟ್ಟು 27 ರೂಪಾಯಿ. 103 ಇದ್ದದ್ದು 76 ಆಗಬೇಕು. ಅಂದರೆ ಎಣ್ಣೆ ನೂರಕ್ಕೆ ಐವತ್ತು ಇಳಿದರೂ, ಎಲ್ಲರೂ ಧರ್ಮವಾಗಿ ನಡೆದುಕೊಂಡರೂ, ನಮಗೆ ಇಳಿಯುವುದು ನೂರಕ್ಕೆ ಇಪ್ಪತ್ತಾರು ಮಾತ್ರ. ಪತ್ರಿಕೆಯಲ್ಲಿ ‘ಅರ್ಧ ಬೆಲೆ’ ಎಂದು ಓದಿ ಬಂಕಿನಲ್ಲಿ ಅರ್ಧ ಬೆಲೆಯನ್ನು ನಿರೀಕ್ಷಿಸುವುದು ತಪ್ಪು.

ಆದರೆ ಆ ಇಪ್ಪತ್ತಾರಾದರೂ ನಮಗೆ ಬರುತ್ತದೆಯೇ? ಇಲ್ಲಿಯೇ ಕಥೆಯ ಮುಖ್ಯಭಾಗವಿರುವುದು. 2020ರ ಏಪ್ರಿಲ್ 20ರಂದು ಲೋಕದಲ್ಲೆಲ್ಲ ವ್ಯಾಧಿಯ ಭಯದಿಂದ ಗಾಡಿಗಳು ನಿಂತಿದ್ದಾಗ, ಅಮೆರಿಕದ ಪೇಟೆಯಲ್ಲಿ ಕಚ್ಚಾ ಎಣ್ಣೆಯ ಮುಂಗಡ ವ್ಯಾಪಾರದ ಬೆಲೆ ಸೊನ್ನೆಗಿಂತಲೂ ಕೆಳಗೆ, ಋಣ 37 ಡಾಲರಿಗೆ ಬಿತ್ತು. ಇಟ್ಟುಕೊಳ್ಳುವುದಕ್ಕೆ ಸ್ಥಳವಿಲ್ಲದೆ, ‘ಹಣ ಕೊಡುತ್ತೇವೆ, ಎಣ್ಣೆಯನ್ನು ಒಯ್ಯಿರಿ’ ಎನ್ನುವ ಸ್ಥಿತಿ. ಆ ವರ್ಷದ ಮಾರ್ಚಿ ಮತ್ತು ಮೇ ತಿಂಗಳುಗಳಲ್ಲಿ ಕೇಂದ್ರ ಸರ್ಕಾರವು ಸುಂಕವನ್ನು ಎರಡು ಸಲ ಏರಿಸಿ, ಪೆಟ್ರೋಲಿನ ಮೇಲೆ ಲೀಟರಿಗೆ 32 ರೂಪಾಯಿ 98 ಪೈಸೆಗೂ ಡೀಸೆಲಿನ ಮೇಲೆ 31 ರೂಪಾಯಿ 83 ಪೈಸೆಗೂ ತಂದು ನಿಲ್ಲಿಸಿತು. ಇಳಿದ ಬೆಲೆಯ ಹೊಂಡವನ್ನು ಸುಂಕದಿಂದ ತುಂಬಿದಂತಾಯಿತು. ಗಿರಾಕಿಗೆ ಇಳಿತವು ಕಾಣಿಸಲೇ ಇಲ್ಲ. ಬೀಗ ಬಿದ್ದ ಅಂಗಡಿ ಕಾರ್ಖಾನೆಗಳಿಂದ ಬರಬೇಕಾದ ತೆರಿಗೆ ನಿಂತುಹೋಗಿ ಬೊಕ್ಕಸ ಬರಿದಾಗಿದ್ದ ಕಾಲವದು ಎಂಬ ಸಮಾಧಾನವನ್ನೂ ಇಲ್ಲಿ ಹೇಳತಕ್ಕದ್ದು ನ್ಯಾಯ. ಆದರೆ ಮುಂದಿನ ವರ್ಷ ಕಚ್ಚಾ ಎಣ್ಣೆ ಮತ್ತೆ ಏರಿದಾಗ ಆ ಸುಂಕವು ಹಾಗೆಯೇ ಉಳಿದಿತ್ತು. 2021ರಲ್ಲಿ ಪೆಟ್ರೋಲು ನೂರು ರೂಪಾಯಿಯ ಗೆರೆಯನ್ನು ದಾಟಿತು. ಆ ವರ್ಷದ ನವೆಂಬರಿನಲ್ಲಿ ಪೆಟ್ರೋಲಿಗೆ 5, ಡೀಸೆಲಿಗೆ 10 ರೂಪಾಯಿಯನ್ನೂ, 2022ರ ಮೇ ತಿಂಗಳಲ್ಲಿ ಮತ್ತೆ 8 ಮತ್ತು 6 ರೂಪಾಯಿಯನ್ನೂ ಸುಂಕದಲ್ಲಿ ಇಳಿಸಿದರು.

ಕಾಗದದ ಮೇಲೆ ನಮ್ಮ ಬೆಲೆಗಳು ಸ್ವತಂತ್ರವಾದವು. 2002ರ ಏಪ್ರಿಲ್‌ವರೆಗೆ ಸರ್ಕಾರವೇ ಬೆಲೆಯನ್ನು ಗೊತ್ತುಮಾಡುತ್ತಿದ್ದ ಪದ್ಧತಿಯಿತ್ತು. ಅದನ್ನು ತೆಗೆದಮೇಲೂ ಕೈ ಪೂರ್ತಿ ಬಿಡಲಿಲ್ಲ. 2010ರ ಜೂನ್‌ನಲ್ಲಿ ಪೆಟ್ರೋಲನ್ನೂ, 2014ರ ಅಕ್ಟೋಬರಿನಲ್ಲಿ ಡೀಸೆಲನ್ನೂ ಪೇಟೆಯ ಧಾರಣೆಗೆ ಬಿಟ್ಟರು. 2017ರ ಜೂನ್ 16ರಿಂದ ಪ್ರತಿದಿನ ಬೆಳಿಗ್ಗೆ ಆರು ಗಂಟೆಗೆ ಹೊಸ ಬೆಲೆ ಎಂಬ ಕ್ರಮವು ಬಂದಿತು. ಆದರೆ 2021ರ ನವೆಂಬರಿನ ಮೊದಲ ವಾರದಿಂದ 2022ರ ಮಾರ್ಚಿ 22ರವರೆಗೆ 137 ದಿನಗಳ ಕಾಲ, ಐದು ರಾಜ್ಯಗಳ ಚುನಾವಣೆ ನಡೆದು ಮುಗಿಯುವವರೆಗೂ, ಕಂಪೆನಿಗಳು ಬೆಲೆಯನ್ನು ಅಲುಗಿಸಲಿಲ್ಲ. ಯುದ್ಧದಿಂದಾಗಿ ಹೊರಗೆ ಎಣ್ಣೆ 120 ಡಾಲರನ್ನು ದಾಟಿತ್ತು. ಆಮೇಲೆ ಹದಿನಾರು ದಿನಗಳಲ್ಲಿ ಲೀಟರಿಗೆ 10 ರೂಪಾಯಿ ಏರಿತು. ಏಪ್ರಿಲ್ 6ರ ತರುವಾಯ ಮತ್ತೆ ಕೈ ನಿಂತಿತು. ಆ ಬೇಸಗೆಯಲ್ಲಿ ಕಂಪೆನಿಗಳು ನಷ್ಟಕ್ಕೆ ಮಾರಿದುವೆಂಬುದು ನಿಜ. ಗಿರಾಕಿಯ ಮೇಲೆ ಬೀಳಬೇಕಾದ ಪೆಟ್ಟನ್ನು ಅವು ತಡೆದವು. 2023-24ರಲ್ಲಿ ಎಣ್ಣೆ ಇಳಿದಾಗ ಅವೇ ಕಂಪೆನಿಗಳಿಗೆ ದೊಡ್ಡ ಲಾಭ ಬಂದಿತು. 2024ರ ಮಾರ್ಚಿಯಲ್ಲಿ ಗಿರಾಕಿಗೆ ದೊರೆತದ್ದು ಎರಡು ರೂಪಾಯಿಯ ಇಳಿತ. 2025ರ ಏಪ್ರಿಲಿನಲ್ಲಿ ಎಣ್ಣೆ ಮತ್ತಷ್ಟು ಇಳಿದಾಗ ಸರ್ಕಾರವು ಸುಂಕವನ್ನು 2 ರೂಪಾಯಿ ಏರಿಸಿ, ಅದನ್ನು ಕಂಪೆನಿಗಳೇ ಭರಿಸುವಂತೆ ಮಾಡಿತು. ಬಂಕಿನಲ್ಲಿ ಬೆಲೆ ಏರಲಿಲ್ಲ, ಇಳಿಯಲೂ ಇಲ್ಲ.

ಹೀಗೆ ಬೆಲೆಯನ್ನು ಕಟ್ಟಿಹಾಕುವುದು ಎರಡು ಬಾಯಿಯ ಕತ್ತಿ. ಏರುವಾಗ ಅದು ನಮಗೆ ಕೊಡೆ; ಇಳಿಯುವಾಗ ಅದೇ ಕೊಡೆ ನಮ್ಮ ಮೇಲೆ ಬೀಳಬೇಕಾದ ಬಿಸಿಲನ್ನು ತಡೆಯುತ್ತದೆ. ಆಗಿನ ಕಾಲದ ಸಹಾಯಧನವೂ ಇಂಥದೇ. 2005ರಿಂದ 2010ರವರೆಗೆ ಸರ್ಕಾರವು ಎಣ್ಣೆಯನ್ನು ಅಗ್ಗವಾಗಿ ಮಾರಿಸಿ, ಕಂಪೆನಿಗಳ ಕೊರತೆಗೆ ನಗದಿನ ಬದಲು ಸಾಲಪತ್ರಗಳನ್ನು ಕೊಟ್ಟಿತು. ಅಂದು ಅಗ್ಗವಾಗಿ ಕೊಂಡವರು ನಾವು. ಆ ಸಾಲದ ಬಡ್ಡಿಯನ್ನೂ ಅಸಲನ್ನೂ ಮುಂದಿನ ವರ್ಷಗಳಲ್ಲಿ ತೆರಿಗೆಯ ಮೂಲಕ ತೀರಿಸಿದವರೂ ನಾವೇ. ಒಂದು ಕಿಸೆಯನ್ನು ಉಳಿಸುವುದಕ್ಕೆ ಇನ್ನೊಂದು ಕಿಸೆಗೆ ಕೈ ಹಾಕಿದಂತಾಯಿತು.

ಇದು ನಮ್ಮ ದೇಶದ ದೋಷವೊಂದೇ ಎಂದು ತಿಳಿಯಬೇಕಾಗಿಲ್ಲ. 1991ರಲ್ಲಿ ಬೇಕನ್ ಎಂಬ ಅರ್ಥಶಾಸ್ತ್ರಜ್ಞರು ಇಂಗ್ಲೆಂಡಿನ ಪೆಟ್ರೋಲ್ ಬೆಲೆಗಳನ್ನು ಪರೀಕ್ಷಿಸಿ, ಅವು ಏರುವಾಗ ಬಾಣದಂತೆ ಏರುತ್ತವೆ, ಇಳಿಯುವಾಗ ಹಕ್ಕಿಯ ಗರಿಯಂತೆ ಇಳಿಯುತ್ತವೆ ಎಂಬರ್ಥದ ಹೆಸರನ್ನೇ ಈ ನಡವಳಿಕೆಗೆ ಇಟ್ಟರು. ಏರುವ ದಿನ ಮಾರುವವನಿಗೆ ಅವಸರ; ಇಳಿಯುವ ದಿನ ಯಾರಿಗೂ ಅವಸರವಿಲ್ಲ. ಅಜ್ಜಿಯವರು ಯಾವ ಗ್ರಂಥವನ್ನೂ ಓದದೆ ಇದನ್ನು ಕಂಡುಕೊಂಡಿದ್ದರು.

ಇನ್ನು ಅಡುಗೆಯ ಅನಿಲದ ಮಾತು. ಮನೆಗೆ ಬರುವ ಕೆಂಪು ಸಿಲಿಂಡರಿನಲ್ಲಿ 14.2 ಕಿಲೋ ಅನಿಲವಿರುತ್ತದೆ. ನಮಗೆ ಬೇಕಾದುದರಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ, ಮುಖ್ಯವಾಗಿ ಅರಬರ ಕೊಲ್ಲಿಯ ದೇಶಗಳಿಂದ ಬರುತ್ತ ಬಂದಿದೆ. ಸೌದಿ ಅರೇಬಿಯಾದ ತೈಲಸಂಸ್ಥೆಯು ತಿಂಗಳಿಗೊಮ್ಮೆ ಪ್ರಕಟಿಸುವ ಧಾರಣೆಯೇ ಇದರ ಅಳತೆಗೋಲು. ಆದರೆ ಇಲ್ಲಿಯೂ ಗೃಹಕೃತ್ಯದ ಬೆಲೆಯು ಆ ಧಾರಣೆಯನ್ನು ನೆರಳಿನಂತೆ ಹಿಂಬಾಲಿಸುವುದಿಲ್ಲ. ದೆಹಲಿಯಲ್ಲಿ 1,103 ರೂಪಾಯಿ ಇದ್ದ ಸಿಲಿಂಡರು 2023ರ ಆಗಸ್ಟಿನ ಕೊನೆಗೆ 903ಕ್ಕೂ, 2024ರ ಮಾರ್ಚಿಯಲ್ಲಿ 803ಕ್ಕೂ ಇಳಿದು, 2025ರ ಏಪ್ರಿಲಿನಲ್ಲಿ 853ಕ್ಕೆ ಏರಿತು. ಈ ಏರಿಳಿತಗಳಲ್ಲಿ ಪೇಟೆಯ ಪಾಲೆಷ್ಟು, ಪಂಚಾಂಗ ನೋಡಿ ಗೊತ್ತುಮಾಡಿದ ದಿನಗಳ ಪಾಲೆಷ್ಟು ಎಂಬುದನ್ನು ವಾಚಕರೇ ಊಹಿಸಲಿ.

ಸಿಲಿಂಡರಿನ ವಿಷಯದಲ್ಲಿ ನಮಗೆ ಕಾಣುವ ಅಪಾಯವು ಹಣದ ಲೆಕ್ಕಕ್ಕಿಂತ ದೊಡ್ಡದು. 2016ರ ಮೇ 1ರಂದು ಆರಂಭವಾದ ಉಜ್ವಲಾ ಯೋಜನೆಯಿಂದ ಬಡ ಮನೆಗಳಿಗೂ ಅನಿಲದ ಒಲೆ ಹೋಯಿತು. ಒಲೆ ಒಮ್ಮೆ ಕೊಟ್ಟರೆ ಸಾಕು. ಸಿಲಿಂಡರಾದರೋ ಮತ್ತೆ ಮತ್ತೆ ಕೊಳ್ಳಬೇಕಾದ್ದು. ಬೆಲೆ ಸಾವಿರವನ್ನು ದಾಟಿದಾಗ ಮಧ್ಯಮ ದರ್ಜೆಯ ಗೃಹಸ್ಥನು ಗೊಣಗಿಕೊಂಡು ಕೊಡುತ್ತಾನೆ. ಕೂಲಿಯ ಮನೆಯಲ್ಲಿ ಖಾಲಿ ಸಿಲಿಂಡರನ್ನು ಮೂಲೆಗೆ ಸರಿಸಿ, ಹಳೆಯ ಸೌದೆಯ ಒಲೆಗೆ ಬೂದಿ ಬಳಿದು ಮತ್ತೆ ಉರಿ ಹಚ್ಚುತ್ತಾರೆ. ಆ ಹೊಗೆಯನ್ನು ಕುಡಿಯುವವರು ತಾಯಿಯೂ ಅವಳ ಕಂಕುಳ ಕೂಸೂ. 2022ರ ಮೇ ತಿಂಗಳಿನಿಂದ ಈ ಮನೆಗಳಿಗೆ ಸಿಲಿಂಡರಿಗೆ 200 ರೂಪಾಯಿಯಂತೆ, 2023ರ ಅಕ್ಟೋಬರಿನಿಂದ 300 ರೂಪಾಯಿಯಂತೆ ಸಹಾಯಧನವನ್ನು ಗೊತ್ತುಮಾಡಿದ್ದು ಈ ಕಾರಣದಿಂದಲೇ. ಎಲ್ಲರಿಗೂ ಸ್ವಲ್ಪ ಅಗ್ಗ ಮಾಡುವುದಕ್ಕಿಂತ ಅಗತ್ಯವಿದ್ದವರಿಗೆ ಸಾಕಷ್ಟು ಕೊಡುವುದು ಮೇಲೆಂಬುದು ನಮ್ಮ ಅಭಿಪ್ರಾಯ.

‘ನಮ್ಮಲ್ಲಿ ಗಾಡಿಯೇ ಇಲ್ಲ, ಪೆಟ್ರೋಲಿನ ಚಿಂತೆ ನಮಗೇಕೆ?’ ಎನ್ನುವವರೂ ಇದ್ದಾರೆ. ಅವರ ಅಕ್ಕಿಯ ಚೀಲವು ನಡೆದು ಬಂದದ್ದಲ್ಲ. ಕೋಲಾರದ ಟೊಮ್ಯಾಟೊ, ಚಿತ್ರದುರ್ಗದ ಈರುಳ್ಳಿ ಇವು ಪೇಟೆಗೆ ಬರುವುದು ಡೀಸೆಲಿನ ಲಾರಿಯಲ್ಲಿ. ಹೊಲ ಉಳುವ ಟ್ರ್ಯಾಕ್ಟರು ಕುಡಿಯುವುದು ಡೀಸೆಲನ್ನೇ. ಮಲ್ಪೆ ಮಂಗಳೂರುಗಳ ಮೀನಿನ ದೋಣಿಗಳ ದೊಡ್ಡ ಖರ್ಚೂ ಅದೇ. ಕರ್ನಾಟಕದಲ್ಲಿ ಡೀಸೆಲಿನ ತೆರಿಗೆಯು 2024ರ ಜೂನ್‌ನಲ್ಲಿಯೂ 2025ರ ಏಪ್ರಿಲಿನಲ್ಲಿಯೂ ಎರಡು ಸಲ ಏರಿ ನೂರಕ್ಕೆ 21.17 ಆಯಿತು. ಇವೆರಡರ ನಡುವೆ, 2025ರ ಜನವರಿ 5ರಿಂದ ರಾಜ್ಯದ ಬಸ್ಸುಗಳ ದರವು ನೂರಕ್ಕೆ 15ರಂತೆ ಹೆಚ್ಚಿತು. ಡೀಸೆಲಿನ ಮತ್ತು ನೌಕರರ ವೆಚ್ಚಗಳೇ ಕಾರಣವೆಂದು ಸರ್ಕಾರವು ಹೇಳಿತು. ಪೆಟ್ರೋಲಿನ ಬೆಲೆಯು ಬಂಕಿನ ಫಲಕದ ಮೇಲೆ ಕಾಣುತ್ತದೆ. ಡೀಸೆಲಿನ ಬೆಲೆ ಸೊಪ್ಪಿನ ಕಟ್ಟಿನಲ್ಲಿ, ಸೋಪಿನ ಬಿಲ್ಲೆಯಲ್ಲಿ, ಶಾಲೆಯ ಬಸ್ಸಿನ ಚೀಟಿಯಲ್ಲಿ ಅಡಗಿ ಕುಳಿತಿರುತ್ತದೆ. ಡೀಸೆಲು ಎರಡು ರೂಪಾಯಿ ಇಳಿದಿತೆಂದು ಬಾಡಿಗೆಯನ್ನೋ ಬಸ್ಸಿನ ದರವನ್ನೋ ಇಳಿಸಿದವರನ್ನು ನಾವು ಕಾಣೆವು.

ಹೊರಗಿನ ಬಿರುಗಾಳಿಗೆ ನಮ್ಮ ಮನೆಯ ದೀಪ ಅಲುಗುವುದು ಹೊಸತೇನಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಪಡಿತರ ಬಂದು, ನಮ್ಮ ರಸ್ತೆಗಳಲ್ಲಿ ಬೆನ್ನಿಗೆ ಒಲೆ ಕಟ್ಟಿಕೊಂಡ ಇದ್ದಲಿನ ಬಸ್ಸುಗಳು ಓಡಿದುದನ್ನು ಹಿರಿಯರು ಹೇಳುತ್ತಿದ್ದರು. ಏರು ಬಂದಾಗ ಪ್ರಯಾಣಿಕರು ಇಳಿದು ನೂಕಬೇಕಾಗುತ್ತಿತ್ತಂತೆ. 1960ರಲ್ಲಿ ಬಾಗ್ದಾದಿನಲ್ಲಿ ಐದು ದೇಶಗಳು ಸೇರಿ ತೈಲ ರಫ್ತು ಮಾಡುವವರ ಒಕ್ಕೂಟವನ್ನು ಕಟ್ಟಿದುವು. 1973ರ ಅಕ್ಟೋಬರಿನ ಯುದ್ಧದ ತರುವಾಯ ಅರಬ ದೇಶಗಳು ಸರಬರಾಜನ್ನು ಬಿಗಿಹಿಡಿದಾಗ, ಬ್ಯಾರೆಲ್ಲಿಗೆ ಸುಮಾರು 3 ಡಾಲರು ಇದ್ದದ್ದು ಕೆಲವೇ ತಿಂಗಳುಗಳಲ್ಲಿ 12ರ ಹತ್ತಿರಕ್ಕೆ ಏರಿತು. 2008ರ ಜುಲೈನಲ್ಲಿ 147 ಡಾಲರನ್ನು ಮುಟ್ಟಿ, ಅದೇ ವರ್ಷದ ಡಿಸೆಂಬರಿನಲ್ಲಿ 40ಕ್ಕಿಂತ ಕೆಳಗೆ ಬಿದ್ದದ್ದೂ ಉಂಟು. ಇಂಥ ದಿನಗಳಿಗಾಗಿಯೇ ಮಂಗಳೂರಿನಲ್ಲಿ 15 ಲಕ್ಷ ಟನ್ನು, ಉಡುಪಿಯ ಸಮೀಪದ ಪಾದೂರಿನಲ್ಲಿ 25 ಲಕ್ಷ ಟನ್ನು, ವಿಶಾಖಪಟ್ಟಣದಲ್ಲಿ 13 ಲಕ್ಷ ಟನ್ನಿಗೆ ಮಿಕ್ಕು ಕಚ್ಚಾ ಎಣ್ಣೆ ಹಿಡಿಯುವ ನೆಲಮಾಳಿಗೆಗಳನ್ನು ಬಂಡೆಯಲ್ಲಿ ಕೊರೆದು ಇಟ್ಟಿದ್ದಾರೆ. 2020ರಲ್ಲಿ ಎಣ್ಣೆ ಅಗ್ಗವಾದಾಗ ಅವುಗಳನ್ನು ತುಂಬಿಸಿಕೊಂಡರು. ಸುಗ್ಗಿಯಲ್ಲಿ ಹುಣಸೆಹಣ್ಣು ಮೆಣಸಿನಕಾಯಿಗಳನ್ನು ವರ್ಷಕ್ಕಾಗುವಷ್ಟು ಕೊಂಡಿಡುವ ಗೃಹಿಣಿಯ ಜಾಣತನವೇ ಇದು. ಆದರೆ ಈ ಮೂರು ಕಣಜಗಳು ತುಂಬಿದ್ದರೂ ಇಡೀ ದೇಶಕ್ಕೆ ಒಂಬತ್ತು ಹತ್ತು ದಿನಗಳ ಎಣ್ಣೆ ಮಾತ್ರ. ಸರಬರಾಜು ತಪ್ಪಿದ ದಿನ ಇವು ಉಪಯೋಗಕ್ಕೆ ಬರಬಹುದೇ ಹೊರತು ಧಾರಣೆಯನ್ನು ತಗ್ಗಿಸಲಾರವು.

ಹಾಗಾದರೆ ಗೃಹಸ್ಥನು ಮಾಡತಕ್ಕದ್ದೇನು? ಮೊದಲನೆಯದಾಗಿ, ತಿಂಗಳ ಖರ್ಚಿನ ಪುಸ್ತಕದಲ್ಲಿ ಉರುವಲಿಗೆ ಒಂದು ಪ್ರತ್ಯೇಕ ಅಂಕಣವಿರಲಿ. ಪೆಟ್ರೋಲು, ಸಿಲಿಂಡರು, ಬಸ್ಸಿನ ಚೀಟಿ ಮೂರೂ ಅದರಲ್ಲಿಯೇ ಬರಲಿ. ಆರು ತಿಂಗಳು ಬರೆದವರಿಗೆ ಎಲ್ಲಿ ಸೋರುತ್ತಿದೆಯೆಂಬುದು ಕಾಣುತ್ತದೆ. ಎರಡನೆಯದಾಗಿ, ಧಾರಣೆ ನಮ್ಮ ಕೈಯಲ್ಲಿಲ್ಲದಿದ್ದರೂ ಅಳತೆಯು ನಮ್ಮ ಕೈಯಲ್ಲಿದೆ. ಬೇಳೆ ಕಾಳುಗಳನ್ನು ಮುಂಚಿತವಾಗಿ ನೆನೆಸುವುದು, ಪಾತ್ರೆಗೆ ಮುಚ್ಚಳವಿಡುವುದು, ಕುಕ್ಕರನ್ನು ಬಳಸುವುದು, ಕುದಿ ಬಂದಮೇಲೆ ಉರಿಯನ್ನು ತಗ್ಗಿಸುವುದು, ಮನೆಯವರೆಲ್ಲ ಒಟ್ಟಿಗೆ ಕುಳಿತು ಉಣ್ಣುವುದು ಇವುಗಳಿಂದ ಸಿಲಿಂಡರು ಕೆಲವು ದಿನ ಹೆಚ್ಚಾಗಿ ಬರುತ್ತದೆ. ಕೊನೆಯದರಿಂದ ಅನಿಲದ ಜೊತೆಗೆ ಸಂಸಾರದ ಸೌಹಾರ್ದವೂ ಉಳಿಯುತ್ತದೆ. ಗಾಡಿಯುಳ್ಳವರು ಚಕ್ರದ ಗಾಳಿಯನ್ನು ನೋಡಿಕೊಂಡು, ಗಂಟೆಗೆ 45ರಿಂದ 55 ಕಿಲೋಮೀಟರಿನ ವೇಗದಲ್ಲಿ ಹೋದರೆ ಎಣ್ಣೆ ಕಡಮೆ ಸುಡುತ್ತದೆ.

ಮೂರನೆಯದಾಗಿ, ಬೆಲೆ ಏರಿದ ದಿನ ಬಂಕಿನಲ್ಲಿ ನಳಿಗೆ ಹಿಡಿದು ನಿಂತ ಹುಡುಗನ ಮೇಲೆ ಕೋಪಿಸುವುದು ಬೇಡ. ಅವನ ಸಂಬಳವು ಏರಿಲ್ಲ. ಅವನ ಯಜಮಾನನಿಗೂ ಲೀಟರಿಗೆ ಇಷ್ಟೆಂದು ಗೊತ್ತಾದ ದಸ್ತೂರಿಯೇ ಗತಿ. ಕೇಳಬೇಕಾದವರನ್ನು ಕೇಳಬೇಕು. ಮತ ಕೇಳಲು ಮನೆಯ ಬಾಗಿಲಿಗೆ ಬರುವವರನ್ನು, ಕೇಂದ್ರದವರಾಗಲಿ ರಾಜ್ಯದವರಾಗಲಿ, ‘ಎಣ್ಣೆ ಇಳಿದ ವರ್ಷ ಸುಂಕವನ್ನು ಏರಿಸಿದಿರಿ, ಸರಿ, ಎಣ್ಣೆ ಏರಿದ ವರ್ಷ ಅದನ್ನು ಇಳಿಸುವ ನಿಯಮವನ್ನು ಏಕೆ ಮಾಡಲಿಲ್ಲ?’ ಎಂದು ಮರ್ಯಾದೆಯಾಗಿ ಕೇಳುವ ಹಕ್ಕು ಪ್ರತಿಯೊಬ್ಬ ಗೃಹಸ್ಥನಿಗೂ ಉಂಟು. ಈ ಸುಂಕದಿಂದಲೇ ರಸ್ತೆ, ಶಾಲೆ, ಆಸ್ಪತ್ರೆಗಳು ನಡೆಯಬೇಕೆಂಬುದನ್ನು ನಾವು ಬಲ್ಲೆವು. ಎಣ್ಣೆಯ ಮೇಲೆ ಸುಂಕವೇ ಬೇಡವೆಂಬ ವಾದವೂ ನಮ್ಮದಲ್ಲ. ಅಗ್ಗದ ಎಣ್ಣೆಯನ್ನು ಮನಬಂದಂತೆ ಸುಡುವುದು ನಾಡಿನ ಗಾಳಿಗೂ ಒಳ್ಳೆಯದಲ್ಲ. ಕೊಡುವವನಿಗೆ ಲೆಕ್ಕ ಗೊತ್ತಿರಬೇಕು, ತೆಗೆದುಕೊಳ್ಳುವವನು ಲೆಕ್ಕ ಒಪ್ಪಿಸಬೇಕು ಎಂಬಷ್ಟೇ ನಮ್ಮ ಮಾತು.

ಇಷ್ಟನ್ನು ಬರೆದು ಮುಗಿಸುವುದಕ್ಕೆ ಮುಂಚೆ ನಾವು ನೆರೆಮನೆಗೆ ಹೋಗಿ ಅಜ್ಜಿಯವರಿಗೆ ಈ ಲೆಕ್ಕವನ್ನೆಲ್ಲ ಒಪ್ಪಿಸಿದೆವು. ಡಾಲರಿನ ಮಾತು ಬಂದಾಗ ತಲೆಯಾಡಿಸಿದರು. ಸುಂಕದ ಮಾತು ಬಂದಾಗ ಬತ್ತಿಯ ಬಟ್ಟಲನ್ನು ಪಕ್ಕಕ್ಕಿಟ್ಟು ನೆಟ್ಟಗೆ ಕುಳಿತರು. ಎಲ್ಲವನ್ನೂ ಕೇಳಿದಮೇಲೆ, “ಹಾಗಾದರೆ ಎಣ್ಣೆಗೆ ಇಳಿಯುವ ಕಾಲೂ ಇದೆ, ದಾರಿಯಲ್ಲಿ ಕಟ್ಟಿಹಾಕುವವರು ಬಹಳ ಜನ” ಎಂದರು. ಬಳಿಕ ಸೊಸೆಯನ್ನು ಕರೆದು, “ನಾಳೆಗೆ ಹುರುಳಿ ನೆನೆಹಾಕಿದೆಯೇನಮ್ಮ?” ಎಂದು ವಿಚಾರಿಸಿದರು.